ಮೇಜಿನ ಮೇಲೆ ಮಿನುಗುತ್ತೆ, ತಲೆಗೆ ಹಾಕಿದರೆ ಆರುತ್ತೆ: ಹೆಲ್ಮೆಟ್ ಎಲ್‌ಇಡಿಯ ದೋಷ ಹುಡುಕುವ ಬಗೆ

ಬೋಬಾ ಫೆಟ್ ಹೆಲ್ಮೆಟ್ ನೋಡಿದವರಿಗೆ ಅದರ ಬಲಗಡೆಯ ಕಡ್ಡಿ ನೆನಪಿರುತ್ತದೆ. ಕಿವಿಯ ಹತ್ತಿರ ತಿರುಗಿ ಕಣ್ಣಿನ ಮುಂದಕ್ಕೆ ಇಳಿಯುತ್ತದಲ್ಲ, ಅದೇ. ಅದಕ್ಕೆ ರೇಂಜ್‌ಫೈಂಡರ್ ಅಂತಾರೆ. 1980ರ ಸ್ಟಾರ್ ವಾರ್ಸ್ ಸಿನಿಮಾದಲ್ಲಿ ಈ ಪಾತ್ರವನ್ನು ನೋಡಿ ಮನಸೋತವರು ಇವತ್ತಿಗೂ ಮನೆಯಲ್ಲಿ ಆ ಹೆಲ್ಮೆಟ್ ಮಾಡುತ್ತಾರೆ. ಕಡ್ಡಿಯ ತುದಿಯಲ್ಲಿ ಎರಡು ಪುಟ್ಟ ಕೆಂಪು ಎಲ್‌ಇಡಿ ಕೂರಿಸಿ, ಒಂದಾದ ಮೇಲೊಂದು ಮಿನುಗುವಂತೆ ಮಾಡಿದರೆ ಇಡೀ ಹೆಲ್ಮೆಟ್‌ಗೆ ಜೀವ ಬರುತ್ತದೆ.

ನಾನು ಮಾಡಿದ ಮೊದಲ ಹೆಲ್ಮೆಟ್ ಮೇಜಿನ ಮೇಲೆ ಎರಡು ಸಂಜೆ ಬಿಡದೆ ಮಿನುಗಿತು. ಬೆಂಗಳೂರಿನ ಕಾಮಿಕ್ ಕಾನ್‌ಗೆ ಅದನ್ನು ಹಾಕಿಕೊಂಡು ಹೊರಟ ತಂಗಿಯ ಮಗ ಹತ್ತೇ ನಿಮಿಷಕ್ಕೆ "ಮಾವ, ಆರಿಹೋಯ್ತು" ಅಂದ. ದೀಪ ಮಿನುಗಿಸುವ ಚಿಪ್, ಅಂದರೆ ಐಸಿ ಹೋಯಿತು ಅಂದುಕೊಂಡು ಅದನ್ನೇ ಬದಲಾಯಿಸಿದೆ. ಏನೂ ಆಗಲಿಲ್ಲ. ಕಡ್ಡಿ ತಿರುಗುವ ಜಾಗದಲ್ಲಿ ವೈರ್ ಒಳಗೊಳಗೇ ತುಂಡಾಗಿತ್ತು. ಆಮೇಲೆ ಗೆಳೆಯರ ಹೆಲ್ಮೆಟ್‌ಗಳನ್ನೂ ಬಿಚ್ಚಿ ನೋಡಿದ್ದೇನೆ. ಬಹುತೇಕ ಸಲ ಕೆಟ್ಟಿರುವುದು ಬ್ಯಾಟರಿ, ಕ್ಲಿಪ್, ವೈರ್ ಅಥವಾ ಬೆಸುಗೆ. ಐಸಿ ಕೆಡುವುದು ಅಪರೂಪ. ಅದರ ಮೇಲಿನ ಅನುಮಾನ ಕೊನೆಗೆ ಬರಲಿ.

ಯಾವ ಸರ್ಕ್ಯೂಟ್‌ನ ಮಾತು ಇದು

ಕೆಳಗಿನ ಲೆಕ್ಕವೆಲ್ಲ 555 ಟೈಮರ್ ಐಸಿ ಬಳಸಿದ ಸರ್ಕ್ಯೂಟ್‌ನದು. 1972ರಿಂದ ಮಾರುಕಟ್ಟೆಯಲ್ಲಿರುವ ಈ ಎಂಟು ಕಾಲಿನ ಐಸಿ ಬೆಂಗಳೂರಿನ ಎಸ್‌ಪಿ ರೋಡಿನ ಬಿಡಿಭಾಗಗಳ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. 9 ವೋಲ್ಟ್ ಬ್ಯಾಟರಿಯ ಪ್ಲಸ್ 8ನೇ ಕಾಲಿಗೆ, ಮೈನಸ್ 1ನೇ ಕಾಲಿಗೆ. 4ನೇ ಕಾಲು 8ರ ಜೊತೆ ಸೇರಿರುತ್ತದೆ. 8 ಮತ್ತು 7ರ ನಡುವೆ ಕರೆಂಟ್ ತಡೆಯುವ 1ಕೆ (ಸಾವಿರ ಓಮ್) ರೆಸಿಸ್ಟರ್, 7 ಮತ್ತು 6ರ ನಡುವೆ 33ಕೆ. 2 ಮತ್ತು 6 ಒಟ್ಟಿಗೆ ಸೇರಿ, ಅಲ್ಲಿಂದ ಮೈನಸ್‌ಗೆ ವಿದ್ಯುತ್ ತುಂಬಿಟ್ಟುಕೊಂಡು ಬಿಡುವ 10 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್.

ಔಟ್‌ಪುಟ್ 3ನೇ ಕಾಲು. ಒಂದನೇ ಎಲ್‌ಇಡಿ 3ನೇ ಕಾಲಿನಿಂದ ಮೈನಸ್‌ಗೆ ಹೋಗುತ್ತದೆ. ಎರಡನೇ ಎಲ್‌ಇಡಿ ಪ್ಲಸ್‌ನಿಂದ 3ನೇ ಕಾಲಿಗೆ ಬರುತ್ತದೆ. ಎರಡಕ್ಕೂ ಒಂದೊಂದು 470 ಓಮ್ ರೆಸಿಸ್ಟರ್. ಔಟ್‌ಪುಟ್‌ನ ವೋಲ್ಟೇಜ್ ಮೇಲೆ ಹೋದಾಗ ಒಂದನೆಯದು ಹತ್ತುತ್ತದೆ, ಕೆಳಗೆ ಬಂದಾಗ ಎರಡನೆಯದು. ಸೆಕೆಂಡಿಗೆ ಸುಮಾರು 2 ಸಲ ಈ ಆಟ ನಡೆಯುತ್ತದೆ. ಈ ಒಂದನೇ, ಎರಡನೇ ಲೆಕ್ಕ ನೆನಪಿಡಿ. ಮುಂದೆ ಯಾವ ಎಲ್‌ಇಡಿ ಏನು ಮಾಡುತ್ತಿದೆ ಅನ್ನುವುದರಿಂದಲೇ ತಪ್ಪು ಎಲ್ಲಿದೆ ಅಂತ ಗೊತ್ತಾಗುತ್ತದೆ.

ಕೈ ಹಾಕುವ ಮೊದಲು

ಹೆಲ್ಮೆಟ್ ತಲೆಯ ಮೇಲಿರುವಾಗ ಏನನ್ನೂ ರಿಪೇರಿ ಮಾಡಬೇಡಿ. ತೆಗೆದು ಮೇಜಿನ ಮೇಲೆ ಇಡಿ, ಬ್ಯಾಟರಿ ಕಳಚಿ, ಆಮೇಲೆ ಒಳಗೆ ನೋಡಿ. 9 ವೋಲ್ಟ್‌ನಿಂದ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಶಾರ್ಟ್ ಆದ ಬ್ಯಾಟರಿ ಕೈ ಸುಡುವಷ್ಟು ಬಿಸಿಯಾಗುತ್ತದೆ, ಹೆಲ್ಮೆಟ್ ಒಳಗೆ ಕೂದಲು, ಫೋಮ್, ಬಟ್ಟೆ ಎಲ್ಲ ಅದಕ್ಕೆ ಅಂಟಿಕೊಂಡೇ ಇರುತ್ತವೆ. ಎಲ್‌ಇಡಿಯ ಕಾಲು ಕತ್ತರಿಸುವಾಗ ಚೂರು ಕಣ್ಣಿಗೆ ಹಾರದ ಹಾಗೆ ಬೆರಳು ಅಡ್ಡ ಹಿಡಿಯಿರಿ. ಬೆಸುಗೆಯ ಹೊಗೆ ಮುಖಕ್ಕೆ ಬರದಂತೆ ಕಿಟಕಿ ತೆಗೆದಿಡಿ. ಸೀಸ ಇರುವ ಬೆಸುಗೆ ಮುಟ್ಟಿದ ಕೈಯನ್ನು ತೊಳೆದೇ ತಿಂಡಿಗೆ ಹೋಗಿ.

ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಬೀಪ್ ಶಬ್ದ ಮಾಡುವ ಸಾಧಾರಣ ಮಲ್ಟಿಮೀಟರ್, ಒಂದು ಹೊಸ ಬ್ಯಾಟರಿ, ಒಂದು ಬಿಡಿ ಎಲ್‌ಇಡಿ, ಸಾಲ್ಡರಿಂಗ್ ಐರನ್. ಮಲ್ಟಿಮೀಟರ್ ಇಲ್ಲದಿದ್ದರೆ ಮೊದಲು ಅದನ್ನೇ ಕೊಳ್ಳಿ. ಅದಿಲ್ಲದೆ ಹುಡುಕುವುದು ಕತ್ತಲಲ್ಲಿ ಸೂಜಿ ಹುಡುಕಿದ ಹಾಗೆ.

ಯಾವುದೂ ಹತ್ತುತ್ತಿಲ್ಲ

ಮೊದಲು ಬ್ಯಾಟರಿ. ಹೊಸ 9 ವೋಲ್ಟ್ ಬ್ಯಾಟರಿ ಮೀಟರ್‌ನಲ್ಲಿ 9ಕ್ಕಿಂತ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ಆದರೆ ಸುಮ್ನೆ ಅಳೆದರೆ ಸಾಲದು. ಸತ್ತ ಬ್ಯಾಟರಿ ಕೂಡ ಕೆಲಸ ಇಲ್ಲದಾಗ 8 ವೋಲ್ಟ್ ತೋರಿಸಬಲ್ಲದು. ಸರ್ಕ್ಯೂಟ್‌ಗೆ ಸಿಕ್ಕಿಸಿ, ಸ್ವಿಚ್ ಹಾಕಿ, ಆಗ ಅಳೆಯಿರಿ. 6ಕ್ಕೆ ಕುಸಿದರೆ ಅದು ಮುಗಿದ ಬ್ಯಾಟರಿ.

ಎರಡನೆಯದು ಕ್ಲಿಪ್. ನಾಲ್ಕಾರು ಸಲ ಹಾಕಿ ತೆಗೆದರೆ ಅದರ ಹಿಡಿತ ಸಡಿಲವಾಗುತ್ತದೆ. ಅರಳಿದ ಲೋಹದ ಎಸಳುಗಳನ್ನು ಚಿಕ್ಕ ಇಕ್ಕಳದಿಂದ ಮೆಲ್ಲಗೆ ಒಳಕ್ಕೆ ಒತ್ತಿ. ಕ್ಲಿಪ್‌ನ ವೈರ್‌ಗಳು ಕೂದಲೆಳೆಯಷ್ಟು ತೆಳು, ಬೆಸುಗೆಯ ಹತ್ತಿರವೇ ತುಂಡಾಗಿರುತ್ತವೆ. ಎಳೆದು ನೋಡಿ.

ಮೂರನೆಯದು ಸ್ವಿಚ್. ಬ್ಯಾಟರಿ ತೆಗೆದು, ಬೀಪ್ ಮೋಡ್‌ನಲ್ಲಿ ಅದರ ಎರಡು ಕಾಲು ಮುಟ್ಟಿಸಿ. ಹಾಕಿದಾಗ ಬೀಪ್, ತೆಗೆದಾಗ ಮೌನ. ಹೆಲ್ಮೆಟ್‌ಗೆ ಸ್ಪ್ರೇ ಬಣ್ಣ ಹೊಡೆಯುವಾಗ ಸ್ವಿಚ್ ಮುಚ್ಚದಿದ್ದರೆ ಬಣ್ಣ ಒಳಗಿಳಿದು ಕಾಂಟ್ಯಾಕ್ಟ್ ಕೆಟ್ಟಿರುತ್ತದೆ. ಇಂಥ ಸ್ವಿಚ್ ಸರಿಮಾಡಲು ಹೋಗಬೇಡಿ, ಹೊಸದು ಹಾಕಿ.

ಇಷ್ಟೆಲ್ಲ ಸರಿ ಇದ್ದರೆ ಐಸಿಯ 8 ಮತ್ತು 1ನೇ ಕಾಲಿನ ನಡುವೆ ವೋಲ್ಟೇಜ್ ನೋಡಿ. ಅಲ್ಲಿಗೆ 9 ವೋಲ್ಟ್ ಬಂದಿಲ್ಲ ಅಂದರೆ ಬೋರ್ಡ್ ಮೇಲೆ ಎಲ್ಲೋ ಡ್ರೈ ಸೋಲ್ಡರ್, ಅಂದರೆ ಸರಿಯಾಗಿ ಹಿಡಿಯದ ಬೆಸುಗೆ ಇದೆ. ಬೂದುಬಣ್ಣಕ್ಕೆ ತಿರುಗಿ, ಸುತ್ತ ಸಣ್ಣ ಬಿರುಕು ಕಾಣುವ ಬೆಸುಗೆಯನ್ನು ಮತ್ತೆ ಕಾಯಿಸಿ. ವೋಲ್ಟೇಜ್ ಬಂದಿದೆ, ಐಸಿ ಮಾತ್ರ ಬಿಸಿಯಾಗುತ್ತಿದೆ ಅಂದರೆ ಬ್ಯಾಟರಿ ಯಾವಾಗಲೋ ತಿರುಗುಮುರುಗಾಗಿ ತಾಗಿದೆ. ಅವಸರದಲ್ಲಿ ಬ್ಯಾಟರಿ ಬದಲಾಯಿಸುವಾಗ ಒಂದು ಕ್ಷಣ ಹಾಗೆ ಮುಟ್ಟಿದರೂ ಐಸಿ ಹೋಗಬಹುದು. ಹೊಸ ಐಸಿ ಹಾಕಿ, ಜೊತೆಗೆ ಪ್ಲಸ್ ವೈರ್‌ನಲ್ಲಿ ಒಂದು 1ಎನ್4007 ಡಯೋಡ್ ಸೇರಿಸಿ. ಸುಮಾರು 0.7 ವೋಲ್ಟ್ ಕಳೆದುಕೊಳ್ಳುತ್ತೀರಿ, ಐಸಿ ಉಳಿಯುತ್ತದೆ.

ಮೇಜಿನ ಮೇಲೆ ಸರಿ, ತಲೆಗೆ ಹಾಕಿದರೆ ಆರುತ್ತದೆ

ಹೆಲ್ಮೆಟ್ ಕೆಲಸದಲ್ಲಿ ಇದೇ ದೊಡ್ಡ ಕಾಟ. ಆಟಿಕೆಗೋ ಟಾರ್ಚಿಗೋ ಇಲ್ಲದ ಒಂದು ಕಷ್ಟ ಇಲ್ಲಿದೆ. ಕಡ್ಡಿ ತಿರುಗುತ್ತದೆ, ತಲೆ ಅಲ್ಲಾಡುತ್ತದೆ, ಕಿವಿ ಮತ್ತು ಕೂದಲು ವೈರನ್ನು ತಳ್ಳುತ್ತವೆ, ಬೆವರು ಇಳಿಯುತ್ತದೆ.

ಮೊದಲು ದುಡ್ಡಿಲ್ಲದ ಪರೀಕ್ಷೆ. ಸ್ವಿಚ್ ಹಾಕಿ ಹೆಲ್ಮೆಟನ್ನು ಮಡಿಲಲ್ಲಿ ಇಟ್ಟುಕೊಳ್ಳಿ. ಒಂದು ಸಲಕ್ಕೆ ಒಂದನ್ನೇ ಅಲ್ಲಾಡಿಸಿ. ಮೊದಲು ಬ್ಯಾಟರಿ, ಆಮೇಲೆ ಸ್ವಿಚ್, ಆಮೇಲೆ ಬೋರ್ಡ್, ಕೊನೆಗೆ ಕಡ್ಡಿಯನ್ನು ನಿಧಾನವಾಗಿ ಮೇಲೆ ಕೆಳಗೆ. ಎಲ್ಲಿ ಮುಟ್ಟಿದಾಗ ದೀಪ ತಡವರಿಸುತ್ತದೋ ತಪ್ಪು ಅಲ್ಲೇ ಇದೆ. ಎಲ್ಲವನ್ನೂ ಒಟ್ಟಿಗೆ ಅಲ್ಲಾಡಿಸಿದರೆ ಏನೂ ಗೊತ್ತಾಗುವುದಿಲ್ಲ.

ಕಡ್ಡಿಯಲ್ಲೇ ಅಂತಾದರೆ ಬ್ಯಾಟರಿ ತೆಗೆಯಿರಿ. ಪ್ರತಿ ವೈರ್‌ನ ಎರಡು ತುದಿಗೂ ಮೀಟರ್ ಕಡ್ಡಿ ಹಿಡಿದು, ಬೀಪ್ ಕೇಳುತ್ತಲೇ ಹೆಲ್ಮೆಟ್‌ನ ಕಡ್ಡಿ ತಿರುಗಿಸಿ. ಬೀಪ್ ನಡುವೆ ಕಡಿದರೆ ಆ ವೈರ್ ಒಳಗೆ ತುಂಡಾಗಿದೆ. ಮೇಲಿನ ಪ್ಲಾಸ್ಟಿಕ್ ನೋಡಿದರೆ ಚೆನ್ನಾಗಿಯೇ ಇರುತ್ತದೆ, ಒಳಗಿನ ತಾಮ್ರ ಮಾತ್ರ ಮುರಿದಿರುತ್ತದೆ. ಬಹಳ ಸಲ ಅದು ಮುರಿಯುವುದು ಬೆಸುಗೆ ಮುಗಿಯುವ ಜಾಗದಲ್ಲಿ. ಬೆಸುಗೆ ಎಳೆಗಳ ಒಳಗೆ ಏರಿ ವೈರನ್ನು ಗಟ್ಟಿ ಮಾಡುತ್ತದೆ. ಗಟ್ಟಿ ಭಾಗ ಮೆತ್ತನೆ ಭಾಗ ಸೇರುವಲ್ಲಿ ಪ್ರತಿ ಸಲ ಬಾಗಿ ಬಾಗಿ ಕಡಿಯುತ್ತದೆ.

ಒಂಟಿ ಎಳೆಯ ವೈರ್ ಹಾಕಿದ್ದರೆ ಅದನ್ನು ತೆಗೆದು ಹಾಕಿ. ತೆಳ್ಳಗಿನ ಹಲವು ಎಳೆಗಳ ವೈರ್ ಬಳಸಿ. ತಿರುಗುವ ಜಾಗದಲ್ಲಿ ಬಿಗಿಯಾಗಿ ಎಳೆಯದೆ ಒಂದು ಸಡಿಲ ಸುತ್ತು ಬಿಡಿ. ಬೆಸುಗೆಯ ಮೇಲೆ, ಬಿಸಿ ಮಾಡಿದರೆ ಬಿಗಿಯಾಗುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ, ಅದು ಬೆಸುಗೆ ದಾಟಿ ಒಂದು ಸೆಂಟಿಮೀಟರ್ ಮುಂದಕ್ಕೆ ಬರಲಿ. ಈ ಒಂದು ಕೆಲಸ ಮಾಡಿದ ಮೇಲೆ ನಮ್ಮ ಹೆಲ್ಮೆಟ್‌ನಲ್ಲಿ ಆ ತೊಂದರೆ ಮತ್ತೆ ಬಂದಿಲ್ಲ.

ಕಡ್ಡಿ ಅಲ್ಯೂಮಿನಿಯಂ ಆಗಿದ್ದರೆ ಇನ್ನೊಂದು ಅಪಾಯ ಇದೆ. ಕತ್ತರಿಸಿದ ಕೊಳವೆಯ ಅಂಚು ಬ್ಲೇಡಿನಷ್ಟು ಹರಿತ, ವೈರ್‌ನ ಮೇಲ್ಪದರ ಕೊರೆಯುತ್ತದೆ. ಬ್ಯಾಟರಿ ತೆಗೆದು, ಕಡ್ಡಿಗೂ ಪ್ರತಿ ವೈರ್‌ಗೂ ನಡುವೆ ಬೀಪ್ ನೋಡಿ. ಒಂದು ಸಲವೂ ಕೂಗಬಾರದು. ಅಂಚನ್ನು ಅರದಿಂದ ಉಜ್ಜಿ, ವೈರ್‌ಗೆ ಸ್ಲೀವ್ ಹಾಕಿ. 470 ಓಮ್ ರೆಸಿಸ್ಟರ್‌ಗಳನ್ನು ಕಡ್ಡಿಯ ತುದಿಯಲ್ಲಿ ಇಡದೆ ಬೋರ್ಡಿನಲ್ಲೇ ಇಡಿ. ಆಗ ಎಲ್‌ಇಡಿಯ ಎರಡು ಕಾಲು ಒಂದಕ್ಕೊಂದು ತಾಗಿ ಶಾರ್ಟ್ ಆದರೂ ಹರಿಯುವ ಕರೆಂಟ್ 20 ಮಿಲಿಆಂಪ್ ದಾಟುವುದಿಲ್ಲ.

ಒಂದು ಮಿನುಗುತ್ತದೆ, ಇನ್ನೊಂದು ಸತ್ತಿದೆ

ಒಂದು ಮಿನುಗುತ್ತಿದೆ ಅಂದರೆ ಐಸಿ ಚೆನ್ನಾಗಿದೆ. ಅದರ ಕಡೆ ನೋಡಲೇಬೇಡಿ. ಸತ್ತಿರುವ ಎಲ್‌ಇಡಿ ತಿರುಗುಮುರುಗಾಗಿದೆಯೇ ನೋಡಿ. ಉದ್ದ ಕಾಲು ಪ್ಲಸ್. ಕಾಲು ಕತ್ತರಿಸಿದ್ದರೆ ಅಂಚು ಚಪ್ಪಟೆ ಇರುವ ಕಡೆ ಮೈನಸ್. ಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ, ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಕಡ್ಡಿ ಮೈನಸ್‌ಗೆ ಹಿಡಿದರೆ ಒಳ್ಳೆಯ ಕೆಂಪು ಎಲ್‌ಇಡಿ ಮಂದವಾಗಿ ಹತ್ತುತ್ತದೆ. ಹತ್ತಲಿಲ್ಲವಾದರೆ ಬದಲಾಯಿಸಿ, ಹತ್ತಿದರೆ ಅದರ ವೈರ್ ನೋಡಿ.

ಎರಡೂ ಮಿನುಗುತ್ತವೆ, ಆದರೆ ಒಂದನೆಯದು ಸ್ವಲ್ಪ ಮಂದ ಅನ್ನಿಸಿದರೆ ಗಾಬರಿ ಬೇಡ. 555ರ ಔಟ್‌ಪುಟ್ ಮೇಲೆ ಹೋದಾಗ ಪೂರ್ತಿ 9 ವೋಲ್ಟ್‌ಗೆ ಏರುವುದಿಲ್ಲ, ಸುಮಾರು ಒಂದೂವರೆ ವೋಲ್ಟ್ ಕಮ್ಮಿ ಇರುತ್ತದೆ. ಹಾಗಾಗಿ ಒಂದನೆಯದಕ್ಕೆ ಹತ್ತಿರ ಹತ್ತಿರ 12 ಮಿಲಿಆಂಪ್, ಎರಡನೆಯದಕ್ಕೆ 15. ಕಣ್ಣಿಗೆ ಅಷ್ಟಾಗಿ ತಿಳಿಯುವುದಿಲ್ಲ. ಆದರೆ 5 ವೋಲ್ಟ್ ಪವರ್ ಬ್ಯಾಂಕ್‌ಗೆ ಬದಲಾಯಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ, ಒಂದನೆಯದಕ್ಕೆ ಅರ್ಧದಷ್ಟೇ ಕರೆಂಟ್ ಸಿಗುತ್ತದೆ. ಅದರ ರೆಸಿಸ್ಟರನ್ನು 220 ಓಮ್ ಮಾಡಿ, ಎರಡೂ ಸರಿಹೋಗುತ್ತವೆ.

ಹತ್ತಿದೆ, ಮಿನುಗುತ್ತಿಲ್ಲ

ಈ ಲಕ್ಷಣ ನನಗೆ ಬಹಳ ಇಷ್ಟ, ಯಾಕೆಂದರೆ ಸರ್ಕ್ಯೂಟ್ ತಾನೇ ಉತ್ತರ ಹೇಳುತ್ತದೆ.

ಒಂದನೆಯದು ಮಾತ್ರ ಬಿಡದೆ ಉರಿಯುತ್ತಿದೆ: ಕೆಪ್ಯಾಸಿಟರ್ ತುಂಬುತ್ತಿಲ್ಲ. 1ಕೆ ಅಥವಾ 33ಕೆ ರೆಸಿಸ್ಟರ್‌ನ ಬೆಸುಗೆ ಬಿಟ್ಟಿದೆ, ಇಲ್ಲವೇ ಕೆಪ್ಯಾಸಿಟರ್ ಶಾರ್ಟ್ ಆಗಿದೆ. ಅದರ ಮೈಮೇಲಿನ ಪಟ್ಟಿ ಇರುವ ಕಾಲು ಮೈನಸ್‌ಗೆ ಹೋಗಿದೆಯೇ ನೋಡಿ. ತಿರುಗಿ ಕೂತ ಕೆಪ್ಯಾಸಿಟರ್ ಕರೆಂಟ್ ಸೋರಿಸುತ್ತದೆ, ಉಬ್ಬಿ ಒಡೆಯಲೂಬಹುದು. ಉಬ್ಬಿದ್ದರೆ ಮತ್ತೆ ಬಳಸಬೇಡಿ.

ಎರಡನೆಯದು ಮಾತ್ರ ಬಿಡದೆ ಉರಿಯುತ್ತಿದೆ: ತುಂಬಿದ ಕೆಪ್ಯಾಸಿಟರ್ ಖಾಲಿಯಾಗುತ್ತಿಲ್ಲ. 7ನೇ ಕಾಲಿನ ಬೆಸುಗೆ ನೋಡಿ. ಇಲ್ಲದಿದ್ದರೆ 4ನೇ ಕಾಲು 8ರ ಜೊತೆ ಸೇರದೆ ಮೈನಸ್‌ಗೆ ತಾಗಿದೆ.

ಎರಡೂ ಒಟ್ಟಿಗೆ, ಮಂದವಾಗಿ, ಅಲುಗದೆ ಉರಿಯುತ್ತಿವೆ: 3ನೇ ಕಾಲು ಬೋರ್ಡಿಗೆ ತಾಗುತ್ತಿಲ್ಲ. ನಡುವೆ ಐಸಿ ಇಲ್ಲದ ಹಾಗಾಗಿ, ಕರೆಂಟ್ ಎರಡು ಎಲ್‌ಇಡಿಯನ್ನೂ ಸಾಲಾಗಿ ದಾಟಿ ಹೋಗುತ್ತಿದೆ. ಐಸಿಯನ್ನು ಬೇಸ್‌ನಲ್ಲಿ ಕೂರಿಸಿದ್ದರೆ ತೆಗೆದು ಅದರ ಕಾಲುಗಳನ್ನು ನೋಡಿ. ಒಂದು ಕಾಲು ತೂತಿಗೆ ಇಳಿಯದೆ ಹೊಟ್ಟೆಯ ಕೆಳಗೆ ಮಡಚಿಕೊಂಡಿರುವುದು ಮೇಲಿನಿಂದ ಕಾಣುವುದೇ ಇಲ್ಲ.

ಎರಡೂ ಒಟ್ಟಿಗೆ, ಆದರೆ ಪ್ರಕಾಶವಾಗಿ ಉರಿಯುತ್ತಿವೆ: ನಿಜಕ್ಕೂ ಅವು ಮಿನುಗುತ್ತಿವೆ, ಕಣ್ಣಿಗೆ ಸಿಗದಷ್ಟು ವೇಗವಾಗಿ. ಕತ್ತಲಲ್ಲಿ ಹೆಲ್ಮೆಟನ್ನು ಜೋರಾಗಿ ಅತ್ತಿತ್ತ ಆಡಿಸಿ. ಬೆಳಕಿನ ಗೆರೆ ಚುಕ್ಕಿ ಚುಕ್ಕಿಯಾಗಿ ಕಂಡರೆ ಅದೇ. 10 ಮೈಕ್ರೋಫ್ಯಾರಡ್ ಬದಲು 104 ಅಂತ ಬರೆದ 0.1ರ ಕೆಪ್ಯಾಸಿಟರ್ ಹಾಕಿದರೆ ಸೆಕೆಂಡಿಗೆ 200ಕ್ಕೂ ಹೆಚ್ಚು ಸಲ ಮಿನುಗುತ್ತದೆ.

ಮೀಟರ್‌ನಿಂದ ಖಚಿತ ಮಾಡಿಕೊಳ್ಳಬೇಕೆಂದರೆ 6ನೇ ಕಾಲಿನ ವೋಲ್ಟೇಜ್ ನೋಡಿ. ಆರೋಗ್ಯವಾಗಿರುವ ಸರ್ಕ್ಯೂಟ್‌ನಲ್ಲಿ ಅದು ಬ್ಯಾಟರಿಯ ಮೂರನೇ ಒಂದು ಮತ್ತು ಮೂರನೇ ಎರಡು ಭಾಗದ ನಡುವೆ, ಅಂದರೆ 3 ಮತ್ತು 6 ವೋಲ್ಟ್ ನಡುವೆ ಏರಿ ಇಳಿಯುತ್ತಿರುತ್ತದೆ.

ಮಿನುಗುವ ವೇಗ ಸರಿ ಇಲ್ಲ

ಇಲ್ಲಿ ಬಣ್ಣದ ಪಟ್ಟಿಗಳೇ ಮೋಸ ಮಾಡುವುದು. 33ಕೆ ಅಂದರೆ ಕಿತ್ತಳೆ, ಕಿತ್ತಳೆ, ಕಿತ್ತಳೆ. 3.3ಕೆ ಅಂದರೆ ಕಿತ್ತಳೆ, ಕಿತ್ತಳೆ, ಕೆಂಪು. ಟ್ಯೂಬ್‌ಲೈಟ್ ಬೆಳಕಲ್ಲಿ ಎರಡೂ ಒಂದೇ ಥರ ಕಾಣುತ್ತವೆ. 3.3ಕೆ ಹಾಕಿದರೆ ಸೆಕೆಂಡಿಗೆ ಸುಮಾರು 19 ಸಲ ಮಿನುಗಿ ಕಣ್ಣು ಚುಚ್ಚುತ್ತದೆ. 330ಕೆ ಹಾಕಿದರೆ ಒಂದು ಸುತ್ತಿಗೆ ನಾಲ್ಕೂವರೆ ಸೆಕೆಂಡ್ ಬೇಕು. ಹಾಕುವ ಮೊದಲೇ ಮೀಟರ್‌ನಲ್ಲಿ ಅಳೆಯುವುದು ವಾಸಿ. ಈ ಥರದ ಕೆಪ್ಯಾಸಿಟರ್‌ಗಳು ಶೇ 20ರಷ್ಟು ಹೆಚ್ಚು ಕಮ್ಮಿ ಇರುತ್ತವೆ, ಹಾಗಾಗಿ ಒಂದು ಹೆಲ್ಮೆಟ್ ಇನ್ನೊಂದಕ್ಕಿಂತ ಸ್ವಲ್ಪ ನಿಧಾನ ಇದ್ದರೆ ಅದು ದೋಷ ಅಲ್ಲ.

ವೇಗ ಸುಮ್ನೆ ಚಂದಕ್ಕಷ್ಟೇ ಅಲ್ಲ. ಸೆಕೆಂಡಿಗೆ 3ಕ್ಕಿಂತ ಜಾಸ್ತಿ ಸಲ ಮಿನುಗುವ ಬೆಳಕು ಕೆಲವರಿಗೆ ಮೂರ್ಛೆ ರೋಗ ಕೆರಳಿಸಬಹುದು. ಜನಸಂದಣಿಯಲ್ಲಿ ಮಕ್ಕಳು ನಿಮ್ಮ ಹೆಲ್ಮೆಟ್ ಹತ್ತಿರ ಬಂದು ದಿಟ್ಟಿಸಿ ನೋಡುತ್ತಾರೆ. ದಯವಿಟ್ಟು 2ರಲ್ಲೇ ಇಡಿ.

ಕೈ ಹತ್ತಿರ ಬಂದಾಗ ಅಥವಾ ಬೆವರಿದಾಗ ಮಾತ್ರ ವೇಗ ತಪ್ಪಿದರೆ 4ನೇ ಕಾಲು ಎಲ್ಲಿಗೂ ಸೇರದೆ ತೇಲುತ್ತಿದೆಯೇ ನೋಡಿ. ಅದು ಸರಿ ಇದ್ದರೆ ಬೋರ್ಡಿನ ಮೇಲೆ ತೇವ ಇದೆ. ಬೆವರಿನ ಉಪ್ಪು ಕಾಲುಗಳ ನಡುವೆ ಕರೆಂಟ್ ಹರಿಸುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಪೂರ್ತಿ ಒಣಗಲು ಬಿಡಿ. ಆಮೇಲೆ ಬೋರ್ಡನ್ನು ಹಣೆಯ ಕಡೆಯಿಂದ ತೆಗೆದು ಮೇಲ್ಗಡೆ, ಒಂದು ಪುಟ್ಟ ಡಬ್ಬಿಯಲ್ಲಿ ಇಡಿ.

ಬೇಗ ಮಂಕಾಗುತ್ತದೆ

ಈ ಸರ್ಕ್ಯೂಟ್ ಒಟ್ಟು 20 ಮಿಲಿಆಂಪ್‌ಗಿಂತ ಸ್ವಲ್ಪ ಜಾಸ್ತಿ ಎಳೆಯುತ್ತದೆ. ಒಳ್ಳೆಯ ಆಲ್ಕಲೈನ್ ಬ್ಯಾಟರಿ ಒಂದು ಇಡೀ ದಿನದ ಓಡಾಟಕ್ಕೆ ಸಾಕು. ಒಂದೆರಡು ಗಂಟೆಗೇ ಮಂಕಾದರೆ ಅದೇ ಬ್ಯಾಟರಿಗೆ ಫ್ಯಾನ್ ಕೂಡ ಸೇರಿಸಿದ್ದೀರಾ ನೋಡಿ. ಪುಟ್ಟ ಫ್ಯಾನ್ ಕೂಡ ಎಲ್‌ಇಡಿಗಿಂತ ಹಲವು ಪಟ್ಟು ಎಳೆಯುತ್ತದೆ. ಅದಕ್ಕೆ ಬೇರೆ ಬ್ಯಾಟರಿ ಕೊಡಿ. ಇನ್ನೊಂದು ಸುಲಭ ಉಳಿತಾಯ ಇದೆ. 1ಕೆ ರೆಸಿಸ್ಟರ್ ಬದಲು 4.7ಕೆ ಹಾಕಿ. ಪ್ರತಿ ಸುತ್ತಿನಲ್ಲೂ ಅದರ ಮೂಲಕ ಸುಮ್ಮನೆ ಪೋಲಾಗುವ ಕರೆಂಟ್ ಬಹುತೇಕ ನಿಲ್ಲುತ್ತದೆ, ವೇಗದಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಪವರ್ ಬ್ಯಾಂಕ್‌ನಲ್ಲಿ ಅರ್ಧ ನಿಮಿಷ ಮಿನುಗಿ ಪೂರ್ತಿ ಆರಿದರೆ ಅದು ಸರ್ಕ್ಯೂಟ್‌ನ ತಪ್ಪಲ್ಲ. ಇಷ್ಟು ಕಮ್ಮಿ ಕರೆಂಟ್ ನೋಡಿ, ಏನೂ ಸಿಕ್ಕಿಸಿಲ್ಲ ಅಂದುಕೊಂಡು ಕೆಲವು ಪವರ್ ಬ್ಯಾಂಕ್‌ಗಳು ತಾವಾಗಿ ಆಫ್ ಆಗುತ್ತವೆ.

ಸ್ಪೀಕರ್‌ನಲ್ಲಿ ಟಿಕ್ ಟಿಕ್

ಹೆಲ್ಮೆಟ್‌ನಲ್ಲಿ ಮೈಕ್, ಸ್ಪೀಕರ್ ಇದ್ದು, ಮಿನುಗುವ ತಾಳಕ್ಕೆ ಸರಿಯಾಗಿ ಟಿಕ್ ಸದ್ದು ಬಂದರೆ ಕಾರಣ 555. ಔಟ್‌ಪುಟ್ ಬದಲಾಗುವ ಕ್ಷಣದಲ್ಲಿ ಹಳೆಯ ಎನ್‌ಇ555 ಬ್ಯಾಟರಿಯಿಂದ ಒಮ್ಮೆಲೇ ಕರೆಂಟ್ ಕೀಳುತ್ತದೆ. 8 ಮತ್ತು 1ನೇ ಕಾಲಿನ ಪಕ್ಕದಲ್ಲೇ 100 ಮೈಕ್ರೋಫ್ಯಾರಡ್ ಮತ್ತು 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಹಾಕಿ. ಸಾಲದಿದ್ದರೆ ಸ್ಪೀಕರ್‌ಗೆ ಬೇರೆ ಬ್ಯಾಟರಿ. ಟಿಎಲ್‌ಸಿ555 ಥರದ, ಕಮ್ಮಿ ಕರೆಂಟ್ ಎಳೆಯುವ ಸಿಮಾಸ್ ಬಗೆಯ ಐಸಿ ಹಾಕಿದರೂ ಸದ್ದು ಇಳಿಯುತ್ತದೆ, ಆದರೆ ಅದು ಔಟ್‌ಪುಟ್‌ನಿಂದ ಹೊರಕ್ಕೆ ಜಾಸ್ತಿ ಕರೆಂಟ್ ಕೊಡುವುದಿಲ್ಲ. ಎಲ್‌ಇಡಿ ರೆಸಿಸ್ಟರ್‌ಗಳನ್ನು 1.5ಕೆ ಮಾಡಿ.

ಇಲ್ಲಿಗೆ ನಿಲ್ಲಿಸಿ

ಹಾಕಿಕೊಂಡಿರುವಾಗ ಸುಟ್ಟ ವಾಸನೆ ಬಂದರೆ ಮೊದಲು ಹೆಲ್ಮೆಟ್ ತಲೆಯಿಂದ ತೆಗೆಯಿರಿ, ಬ್ಯಾಟರಿ ಆಮೇಲೆ. ಯಾವ ಭಾಗ ಸುಟ್ಟಿದೆ ಅಂತ ಗೊತ್ತಾಗುವವರೆಗೆ ಮತ್ತೆ ಸ್ವಿಚ್ ಹಾಕಬೇಡಿ.

ಲಿಥಿಯಂ ಬ್ಯಾಟರಿ ಬಳಸಿದ್ದರೆ ಇನ್ನೂ ಜಾಗ್ರತೆ ಬೇಕು. ಅದು ಉಬ್ಬಿದ್ದರೆ, ತಗ್ಗು ಬಿದ್ದಿದ್ದರೆ, ಸಿಹಿ ವಾಸನೆ ಬರುತ್ತಿದ್ದರೆ ಚಾರ್ಜ್ ಮಾಡಬೇಡಿ, ಚುಚ್ಚಬೇಡಿ, ಮನೆಯ ಕಸಕ್ಕೆ ಹಾಕಬೇಡಿ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಪ್ರೊಟೆಕ್ಷನ್ ಬೋರ್ಡ್ ಇಲ್ಲದ ಲಿಥಿಯಂ ಸೆಲ್ಲನ್ನು ತಲೆಯ ಪಕ್ಕದಲ್ಲಿ ಇಡಲೇಬೇಡಿ. ಅದಕ್ಕೆ ನೇರವಾಗಿ ಬೆಸುಗೆ ಹಾಕುವ ಕೆಲಸ ಮನೆಯಲ್ಲಿ ಬೇಡ, ಸ್ಪಾಟ್ ವೆಲ್ಡಿಂಗ್ ಇರುವ ಬ್ಯಾಟರಿ ಅಂಗಡಿಯಲ್ಲಿ ಮಾಡಿಸಿ. ಚಾರ್ಜ್ ಮಾಡುವಾಗ ಬ್ಯಾಟರಿ ಹೆಲ್ಮೆಟ್‌ನಿಂದ ಹೊರಗೆ ಇರಲಿ. ಬಿಡಿ 9 ವೋಲ್ಟ್ ಬ್ಯಾಟರಿಯನ್ನು ಬೀಗದ ಕೈ, ಚಿಲ್ಲರೆ ಇರುವ ಚೀಲಕ್ಕೆ ಹಾಗೇ ಹಾಕಬೇಡಿ, ತುದಿಗೆ ಟೇಪ್ ಅಂಟಿಸಿ.

ಎರಡು ಐಸಿ ಬದಲಾಯಿಸಿಯೂ ಮೂರನೆಯದು ಬಿಸಿಯಾದರೆ ನಾಲ್ಕನೆಯದನ್ನು ಹಾಕಬೇಡಿ. ಬೋರ್ಡಿನ ಎರಡೂ ಬದಿಯ ಫೋಟೋ ತೆಗೆದು, ಟಿವಿ ರೇಡಿಯೊ ರಿಪೇರಿ ಮಾಡುವವರಿಗೋ ಡಿಪ್ಲೊಮಾ ಓದುತ್ತಿರುವ ಪರಿಚಯದವರಿಗೋ ತೋರಿಸಿ. ಬೇರೆ ಕಣ್ಣಿಗೆ ಶಾರ್ಟ್ ಆದ ಜಾಗ ಬೇಗ ಸಿಗುತ್ತದೆ.

ಎಲ್ಲ ಸರಿಹೋದ ಮೇಲೂ ತಕ್ಷಣ ಗ್ಲೂ ಗನ್ ಹಿಡಿಯಬೇಡಿ. ಬೋರ್ಡನ್ನು ಟೇಪಿನಲ್ಲಿ ನಿಲ್ಲಿಸಿ, ಹೆಲ್ಮೆಟ್ ಹಾಕಿಕೊಂಡು ಮನೆಯಲ್ಲೇ ಅರ್ಧ ಗಂಟೆ ಓಡಾಡಿ. ಮೆಟ್ಟಿಲು ಹತ್ತಿ ಇಳಿಯಿರಿ, ಕಡ್ಡಿಯನ್ನು 50 ಸಲ ಮೇಲೆ ಕೆಳಗೆ ಮಾಡಿ. ಆಗಲೂ ಮಿನುಗುತ್ತಿದ್ದರೆ ಅಂಟಿಸಿ. ಬ್ಯಾಟರಿ ಮಾತ್ರ ಬೆರಳಿಗೆ ಸಿಗುವ ಹಾಗೆ ಹೊರಗಡೆಯೇ ಇರಲಿ.